ಬೆಸುಗೆಯೊಳಗಿನ ಕೆಂಪು ಗೆರೆ

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯಲ್ಲಿ, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡುಗಳ ನಡುವೆ ನಮ್ಮದೂ ಒಂದು ಶೆಡ್ಡು. ಅಲ್ಲಿ ವಿಮಾನದ ಸಾಮಾನು ತಯಾರಾಗುತ್ತದೆ ಎಂದರೆ ಬೀಳಗಿಯ ನಮ್ಮ ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಇಬ್ಬರೇ ಕೂಡುವ ಸಣ್ಣ ವಿಮಾನ. ಅದರ ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ತುಂಬುವ ಅಲ್ಯೂಮಿನಿಯಂ ಟ್ಯಾಂಕನ್ನು ನಾವು ಮಾಡುತ್ತಿದ್ದೆವು. ಕೈಯಲ್ಲಿ ಹಿಡಿದರೆ ಎಣ್ಣೆಯ ಡಬ್ಬಿಯಷ್ಟೇ ದೊಡ್ಡದು. ಬೆಸುಗೆ ಹಾಕುವವರು ರಬಕವಿಯ ಒಬ್ಬ ಹಿರಿಯರು. ಅದನ್ನು ಪರೀಕ್ಷೆ ಮಾಡುವವಳು ನಾನು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

ಅವರನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ. ನೇಕಾರರ ಮನೆಯಲ್ಲಿ ಹರಿದ ಎಳೆಗಳನ್ನು ಗಂಟು ಹಾಕುತ್ತ ಬೆಳೆದವರು, ಆಮೇಲೆ ಸಕ್ಕರೆ ಕಾರ್ಖಾನೆಗಳಲ್ಲಿ ಪೈಪುಗಳಿಗೆ ಬೆಸುಗೆ ಹಾಕಿದವರು. ಬೆಸುಗೆಯನ್ನು ನೋಡುವುದು ಹೇಗೆಂದು ನನಗೆ ಕಲಿಸಿದ್ದು ಕಾಲೇಜಲ್ಲ, ಅವರೇ. "ಬರೇ ಹೊಳಪ ನೋಡಬ್ಯಾಡವಾ. ಎಲ್ಲಿ ಸುರು ಮಾಡೇನಿ, ಎಲ್ಲಿ ನಿಲ್ಲಿಸೇನಿ, ಅದನ್ನ ನೋಡು. ತಪ್ಪ ಇದ್ರ ಅಲ್ಲೇ ಇರತೈತಿ" ಎನ್ನುತ್ತಿದ್ದರು.

ನಾನು ಮೊದಲು ಭೂತಗನ್ನಡಿಯಲ್ಲಿ ಜೋಡಣೆಯನ್ನೆಲ್ಲ ನೋಡುತ್ತಿದ್ದೆ. ಆಮೇಲೆ ಟ್ಯಾಂಕಿನ ಬಾಯಿ ಮುಚ್ಚಿ, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸುತ್ತಿದ್ದೆ. ಗುಳ್ಳೆ ಎದ್ದರೆ ತೂತು ಇದೆ ಎಂದರ್ಥ. ಕೊನೆಗೆ ಕೆಂಪು ಬಣ್ಣದ ದ್ರವ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಬೇಕು. ಕಣ್ಣಿಗೆ ಕಾಣದ ಬಿರುಕು ಇದ್ದರೆ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತಿತ್ತು.

ಒಂದು ಚಳಿಗಾಲ ಆ ಗೆರೆ ಪದೇ ಪದೇ ಮೂಡತೊಡಗಿತು. ಟ್ಯಾಂಕಿನ ಕುತ್ತಿಗೆಯ ಎಡಬದಿಗೆ, ಬೆಸುಗೆ ಮುಗಿಯುವ ಜಾಗದಲ್ಲಿ.

"ಕಾಕಾ, ಇಲ್ಲಿ ಮತ್ತ ಗೆರಿ ಬಂದೈತ್ರಿ."

"ಶೀಟಿಗೆ ತ್ಯಾವ ಹತ್ತಿರಬೇಕು" ಎಂದರು. ನಾವು ಶೀಟುಗಳನ್ನು ಕಾಯಿಸಿ ಒಣಗಿಸಿದೆವು. ಮರುವಾರ ಮತ್ತೆರಡು ಟ್ಯಾಂಕುಗಳಲ್ಲಿ ಅದೇ ಜಾಗ, ಅದೇ ಗೆರೆ. ಮಾಲೀಕರು ಗ್ಯಾಸ್ ಸಿಲಿಂಡರ್ ಬದಲಿಸಿದರು. ಗೆರೆ ಹೋಗಲಿಲ್ಲ.

ಒಂದು ಮಧ್ಯಾಹ್ನ ಅವರು ಕೆಲಸ ಮಾಡುವುದನ್ನೇ ನೋಡುತ್ತ ನಿಂತೆ. ಬೆಸುಗೆ ಎಡಕ್ಕೆ ತಿರುಗಿದಂತೆ ಅವರು ಇಡೀ ಮುಖವನ್ನು ಆ ಕಡೆ ಹೊರಳಿಸುತ್ತಿದ್ದರು, ಕೋಳಿ ಕಾಳು ನೋಡುವ ಹಾಗೆ. ಊಟಕ್ಕೆ ಕೂತಾಗ ಅವರ ಎಡಗಡೆ ಉಪ್ಪಿನಕಾಯಿ ಇಟ್ಟೆ. ಅವರು ಅದನ್ನು ಮುಟ್ಟಲೇ ಇಲ್ಲ.

"ಎಡಗಣ್ಣ ಎಷ್ಟ ದಿನದಿಂದ ಕಾಣವಲ್ದು ಕಾಕಾ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ದೀಪಾವಳಿಯಿಂದ ಮಬ್ಬ ಮಬ್ಬ ಕಾಣಾಕತ್ತೈತಿ. ಕೈಗೆ ರೂಢಿ ಐತಿ, ನಡೀತೈತಿ ಅನಕೊಂಡೆ." ಮುರಿದ ತುಂಡನ್ನು ತಾಟಿನಲ್ಲಿಟ್ಟು, "ನಿನಗ ಏನ್ ಕಂಡೈತಿ ಅದನ್ನ ರಿಪೋರ್ಟಿನಾಗ ಬರಿ. ನನ್ನ ಮಾರಿ ನೋಡಿ ಬರೀಬ್ಯಾಡ" ಎಂದರು.

ಹೇಳುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ತಿಳಿಯಿತು. ಏಕೆಂದರೆ ಮುಚ್ಚಿಟ್ಟಿದ್ದು ನನ್ನ ಹತ್ತಿರವೂ ಒಂದಿತ್ತು. ದೀಪಾವಳಿ ಕಳೆದ ಕೆಲವೇ ದಿನಗಳಲ್ಲಿ ಬಿಳಿ ಪುಡಿಯ ಡಬ್ಬಿ ಖಾಲಿಯಾಗಿತ್ತು. ಟ್ಯಾಂಕುಗಳ ಪೆಟ್ಟಿಗೆ ಅಂದೇ ವಿಮಾನದ ಕಂಪನಿಗೆ ಹೋಗಬೇಕೆಂದು ಎರಡು ಟ್ಯಾಂಕುಗಳನ್ನು ಬರೀ ನೀರಿನ ಪರೀಕ್ಷೆಯ ಮೇಲೆ ಪಾಸು ಮಾಡಿ, ಮೂರೂ ಪರೀಕ್ಷೆ ಆಗಿವೆ ಎಂದು ಸಹಿ ಹಾಕಿದ್ದೆ. ಗುಳ್ಳೆ ಬಂದಿರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಇಂಥ ಬಿರುಕು ತಣ್ಣಗಿರುವಾಗ ಮುಚ್ಚಿಕೊಂಡಿದ್ದು, ಎಂಜಿನ್ ಕಾದು ನಡುಗಿದಾಗ ಬಾಯಿ ಬಿಡಬಹುದು. ಟ್ರ್ಯಾಕ್ಟರ್ ಆದರೆ ಹೊಲದ ಬದುವಿನಲ್ಲಿ ನಿಲ್ಲಿಸಿ ನೀರು ಹಾಕಬಹುದು. ವಿಮಾನವನ್ನು ಎಲ್ಲಿ ನಿಲ್ಲಿಸುವುದು?

ಬುತ್ತಿ ಮುಚ್ಚಿಟ್ಟೆ. ಕಾಕಾನಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೈ ತೊಳೆದುಕೊಂಡು ಬಂದು, "ನಡಿ, ಇಬ್ಬರೂ ಹೋಗೂಣು" ಎಂದರು.

ಮಾಲೀಕರು ಇಬ್ಬರ ಮಾತನ್ನೂ ಪೂರ್ತಿ ಕೇಳಿದರು. ಆಮೇಲೆ ನನ್ನ ಎದುರಿಗೇ ಆ ಕಂಪನಿಗೆ ಫೋನ್ ಮಾಡಿ, ದೀಪಾವಳಿಯ ಈಚೆಗೆ ಕಳಿಸಿದ ಟ್ಯಾಂಕುಗಳನ್ನೆಲ್ಲ ವಾಪಸು ಕಳಿಸಲು ಹೇಳಿದರು. ಪುಣ್ಯಕ್ಕೆ ಒಂದನ್ನೂ ಎಂಜಿನ್ನಿಗೆ ಕೂಡಿಸಿರಲಿಲ್ಲ. ಪೆಟ್ಟಿಗೆ ಬರುವವರೆಗಿನ ನಾಲ್ಕು ದಿನ ಬೀಳಗಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ನನಗೆ ಹೊರಗಿನದೇನೂ ಕಾಣಲಿಲ್ಲ.

ನಾನು ಸಹಿ ಹಾಕಿದ್ದ ಎರಡರಲ್ಲಿ ಒಂದು ಸರಿ ಇತ್ತು. ಇನ್ನೊಂದರ ಬಿಳಿಯ ಮೇಲೆ ಕೂದಲೆಳೆಯಷ್ಟು ಕೆಂಪು ಮೆಲ್ಲಗೆ ಮೇಲೆ ಬಂತು. ಟ್ಯಾಂಕನ್ನು ಕಾಕಾನ ಕಡೆ ತಿರುಗಿಸಿ ಹಿಡಿದೆ.

"ಸಿಕ್ಕಿತಲ್ಲ, ಆತು" ಎಂದರು ಕಾಕಾ.

ಮಾಲೀಕರು ಯಾರನ್ನೂ ಕೆಲಸದಿಂದ ಬಿಡಿಸಲಿಲ್ಲ. ಆರು ತಿಂಗಳು ನನ್ನ ಸಹಿಯ ಕೆಳಗೆ ಅವರೂ ಸಹಿ ಹಾಕಿದರು. ಅದು ನನಗೆ ಚುಚ್ಚುತ್ತಿತ್ತು, ಆದರೆ ನ್ಯಾಯವೇ ಆಗಿತ್ತು. ಕಾಕಾನ ಕಣ್ಣಿನ ಪೊರೆಯನ್ನು ಬಾಗಲಕೋಟೆಯಲ್ಲಿ ತೆಗೆಸಿದರು. ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು ಎರಡು ತಿಂಗಳು ಮನೆಯಲ್ಲಿ ಕೂತರು. ನಾನೊಮ್ಮೆ ನೋಡಲು ಹೋದಾಗ ಅವರ ಹೆಂಡತಿ, "ದಿನಾ ಕೈ ಹಿಂಗ ಆಡಸ್ತಾರ್ ನೋಡು" ಎಂದು ಗಾಳಿಯಲ್ಲಿ ಬೆಸುಗೆ ಹಾಕಿ ತೋರಿಸಿ ನಕ್ಕರು.

ಮರಳಿ ಬಂದ ಮೊದಲ ದಿನ ಕಾಕಾ ಟ್ಯಾಂಕು ಮುಟ್ಟಲಿಲ್ಲ. ಗುಜರಿ ತುಂಡುಗಳಿಗೆ ಬೆಸುಗೆ ಹಾಕಿ ಒಂದೊಂದಾಗಿ ನನ್ನ ಮೇಜಿಗೆ ತಂದಿಟ್ಟರು. ಏಳು ತುಂಡು ನೋಡಿದೆ. ಐದನೆಯದರಲ್ಲಿ ಒಂದು ಚುಕ್ಕೆ ಇತ್ತು, ಅದನ್ನೂ ಹೇಳಿದೆ. ಅವರು ಭೂತಗನ್ನಡಿ ಇಸಿದುಕೊಂಡು ತಾವೇ ನೋಡಿ, "ಹೂಂ, ಖರೆ ಐತಿ" ಎಂದು ಆ ತುಂಡನ್ನು ಪಕ್ಕಕ್ಕೆ ಎಸೆದು, ಮತ್ತೊಂದು ತುಂಡು ತರಲು ಹೋದರು.