ಮುಖ ನೋಡುವ ಚಟ

ಆ ಪೂಲ್ ಹಾಲ್‌ಗೆ ಬರುವವರಲ್ಲಿ ಆಟಗಾರ ಅನ್ನಿಸಿಕೊಳ್ಳುವ ಯೋಗ್ಯತೆ ಒಬ್ಬನಿಗೂ ಇಲ್ಲ ಎಂಬುದು ಗಾಜಿನಂಗಡಿಯವನ ಖಚಿತ ಅಭಿಪ್ರಾಯ. ತನ್ನನ್ನು ಬಿಟ್ಟು, ಅದನ್ನು ಬೇರೆ ಹೇಳಬೇಕಾಗಿಲ್ಲ. ಹಾಲ್ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮೇಲೆ ಹಸಿರು ಬಟ್ಟೆಯ ಮೂರು ಟೇಬಲ್ಲು, ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿಯ ಪಕ್ಕ ಒಂದು ಮೇಜು. ಆ ಮೇಜಿನ ಹಿಂದೆ ಹಾಲ್ ನಡೆಸುವ ಕಂಡಕ್ಟರಣ್ಣ. ಬಸ್ಸಿನಲ್ಲಿ ಜೀವಮಾನವೆಲ್ಲ ಸೀಟಿ ಊದಿ ನಿವೃತ್ತನಾದವನು; ಈಗಲೂ ಒಬ್ಬರ ಸರದಿ ಮುಗಿದರೆ ಸೀಟಿಯನ್ನೇ ಊದುತ್ತಿದ್ದ.

ಬರುವ ಜನರನ್ನು ನೋಡಿ. ಹಲ್ಲಿನ ಡಾಕ್ಟರು ಪ್ರತಿ ಹೊಡೆತಕ್ಕೂ ಮುಂಚೆ ಕಣ್ಣು ಮುಚ್ಚಿ, ಮೂಗಿನ ಹೊಳ್ಳೆ ಅರಳಿಸಿ ಉಸಿರೆಳೆದುಕೊಳ್ಳುತ್ತಿದ್ದರು. ಪೂಲ್ ಅಂದರೆ ಕೈಯ ಆಟವಲ್ಲ, ತಲೆಯ ಆಟ, ಮನಸ್ಸು ಖಾಲಿ ಮಾಡಿಕೊಳ್ಳಬೇಕು ಎಂದು ಎಲ್ಲರಿಗೂ ಪಾಠ ಬೇರೆ. ಗಾಜಿನವನು ಅವರ ಎದುರಿಗೇ ಹೇಳಿದ್ದ:

"ಖಾಲಿ ಮಾಡ್ಬೇಕು ಅಂದ್ರೆ ಮೊದ್ಲು ಅದ್ರಲ್ಲಿ ಏನಾದ್ರೂ ಇರ್ಬೇಕಲ್ಲ ಡಾಕ್ಟ್ರೇ."

ಸಿಮೆಂಟ್ ವ್ಯಾಪಾರಿಯದು ಇನ್ನೊಂದು ಥರ. ಮೂಟೆ ಎತ್ತಿ ಬಿಸಾಡಿದ ಹಾಗೆ ಹೊಡೆತ. ಚೆಂಡು ಟೇಬಲ್ಲಿನಿಂದ ಹಾರಿ ಕುರ್ಚಿ ಕೆಳಗೆ ಸೇರುತ್ತಿತ್ತು. ಅದೃಷ್ಟಕ್ಕೆ ಒಂದು ಪಾಕೆಟ್‌ಗೆ ಬಿದ್ದರೆ ಎದೆ ಉಬ್ಬಿಸಿಕೊಂಡು ಟೇಬಲ್ಲಿಗೊಂದು ಸುತ್ತು. ತಪ್ಪಿದರೆ ಕೋಲಿನ ತುದಿಯನ್ನು ಕಣ್ಣಿಗೆ ಹಿಡಿದು, ಕಳ್ಳನನ್ನು ವಿಚಾರಿಸಿದ ಹಾಗೆ ನೋಡುವುದು. ಮನೆಪಾಠದ ಮೇಷ್ಟ್ರು ಚೆನ್ನಾಗಿಯೇ ಆಡುತ್ತಿದ್ದರು, ಆದರೆ ಗೆಲ್ಲುವ ಹೊತ್ತು ಬಂತು ಅನ್ನಿಸಿದ ಕೂಡಲೇ ಅಂಗೈ ಬೆವರಿ, ಕೋಲು ಸಾಬೂನಿನ ಹಾಗೆ ಜಾರುತ್ತಿತ್ತು. ಗೆಲುವಿಗೆ ಹೆದರುವ ಗಂಡಸನ್ನು ಏನೆಂದು ಕರೆಯುವುದು? ಗಾಜಿನವನು ಕರೆಯುತ್ತಿದ್ದ, ಅದನ್ನು ಬರೆಯುವ ಹಾಗಿಲ್ಲ.

ಇಷ್ಟೆಲ್ಲ ಜರಿಯುತ್ತಿದ್ದವನು ಇವರ ಕೈಯಲ್ಲೇ ಸೋಲುತ್ತಿದ್ದ. ಅದೇ ಹಾಲ್‌ನ ಒಗಟು. ಬೇರೆ ಊರಿನಿಂದ ಹೆಸರುವಾಸಿ ಆಟಗಾರ ಯಾರಾದರೂ ಬಂದರೆ ಗಾಜಿನವನು ಅವನನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತಿದ್ದ. ಮಾರನೆಯ ದಿನ ಅದೇ ಟೇಬಲ್ಲು, ಅದೇ ಕೋಲು, ಎದುರಿಗೆ ಸಿಮೆಂಟಿನವನು. ಪಾಕೆಟ್‌ನ ಬಾಯಿಗೆ ಬಂದ ಚೆಂಡು ಕೂಡ ಬೀಳುತ್ತಿರಲಿಲ್ಲ. ಆಗ ಟೇಬಲ್ಲಿನ ಬಟ್ಟೆ ಸುಕ್ಕಾಗಿದೆ ಎನ್ನುತ್ತಿದ್ದ, ಫ್ಯಾನಿನ ಗಾಳಿ ಚೆಂಡಿಗೆ ತಾಗುತ್ತಿದೆ ಎನ್ನುತ್ತಿದ್ದ, ಡಾಕ್ಟರು ಉಸಿರು ಬಿಟ್ಟ ಸದ್ದಿಗೆ ಕೈ ಅಲುಗಿತು ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಹಾಲ್‌ನಲ್ಲಿ ಬೇರೆ ಯಾರೂ ಇಲ್ಲದಾಗ ಕಂಡಕ್ಟರಣ್ಣ ವಿಷಯ ಬಿಡಿಸಿ ಹೇಳಿದ.

"ನೀನು ಹೊಡೆಯೋ ಹೊತ್ತಿಗೇ ತಲೆ ಎತ್ತುತ್ತೀಯ ಕಣಯ್ಯ. ಚೆಂಡು ಬಿತ್ತಾ ಅಂತ ನೋಡೋಕಲ್ಲ. ಎದುರಿನೋನ ಮುಖ ಹೇಗಾಯ್ತು ಅಂತ ನೋಡೋಕೆ."

ಮಾತು ನಿಜವಾಗಿತ್ತು, ಆದ್ದರಿಂದಲೇ ಗಾಜಿನವನಿಗೆ ಮೈಯೆಲ್ಲ ಉರಿಯಿತು. ತಲೆ ಎತ್ತಿದರೆ ಅದರ ಹಿಂದೆ ಭುಜ ಏಳುತ್ತದೆ, ಭುಜದ ಹಿಂದೆ ಕೋಲು ಕೂದಲೆಳೆಯಷ್ಟು ಓರೆಯಾಗುತ್ತದೆ. ಕೋಲು ತಾಗುವ ಬಿಳಿ ಚೆಂಡಿನ ಹತ್ತಿರ ಕೂದಲೆಳೆಯಾದದ್ದು ಪಾಕೆಟ್‌ನ ಹತ್ತಿರ ಹೆಬ್ಬೆರಳಷ್ಟಾಗುತ್ತದೆ. ಗಟ್ಟಿ ಆಟಗಾರರ ಮುಂದೆ ಹೀಗಾಗದೆ ಇರುವುದಕ್ಕೂ ಕಾರಣವಿತ್ತು. ಅವರೆಂದರೆ ಇವನಿಗೆ ಒಳಗೊಳಗೇ ಭಯ, ಆ ಭಯವೇ ಕತ್ತು ಹಿಡಿದು ತಗ್ಗಿಸಿ ಇಡುತ್ತಿತ್ತು. ಹಗುರವಾಗಿ ಕಂಡವರ ಮುಂದೆ ಮಾತ್ರ, ಅವರ ಮುಖ ಸೋರೆಕಾಯಿಯಂತೆ ಇಳಿಬೀಳುವುದನ್ನು ಕಣ್ಣಾರೆ ನೋಡುವ ತನಕ ಇವನಿಗೆ ಚೆಂಡು ಬಿದ್ದಂತೆಯೇ ಅಲ್ಲ. ತಿರಸ್ಕಾರ ಮಾಡುವವನಿಗೆ ತಿರಸ್ಕಾರ ತಲುಪಿತೋ ಇಲ್ಲವೋ ಎಂಬ ರಸೀತಿ ಬೇಕಾಗುತ್ತದೆ. ಎಂಥ ದರಿದ್ರ ಚಟ!

ಅವನ ಆಸೆಯಾದರೂ ದೊಡ್ಡದೇನಲ್ಲ. ವರ್ಷಕ್ಕೊಮ್ಮೆ ಸುತ್ತಲಿನ ಊರುಗಳ ಹಾಲ್‌ಗಳೆಲ್ಲ ಸೇರಿ ಒಂದು ಪಂದ್ಯ ನಡೆಸುತ್ತಿದ್ದವು. ಹಾಲ್‌ಗೊಬ್ಬ ಆಟಗಾರ, ಅವನ ಬೆನ್ನಿನ ಮೇಲೆ ಹಾಲ್‌ನ ಹೆಸರು ಬರೆದ ಅಂಗಿ. ಆ ಅಂಗಿ ತೊಟ್ಟುಕೊಳ್ಳಬೇಕು ಎಂಬುದೊಂದೇ ಗಾಜಿನವನ ಕನಸು. ಪ್ರತಿ ವರ್ಷ ಹಾಲ್‌ನೊಳಗಿನ ಆಯ್ಕೆಯಲ್ಲೇ ಯಾರೋ ಒಬ್ಬ ದಂಡಪಿಂಡದ ಕೈಯಲ್ಲಿ ಸೋತು ಮನೆಗೆ ಬರುತ್ತಿದ್ದ. ಈ ಸಲ ಕಣ್ಣು ಬೇರೆ ಕೈಕೊಡುತ್ತಿತ್ತು. ದೂರದ ಚೆಂಡಿನ ಅಂಚು ಮಸುಕು. ಈ ಸಲ ತಪ್ಪಿದರೆ ಇನ್ನಿಲ್ಲ ಎಂದು ಅವನಿಗೇ ಗೊತ್ತಿತ್ತು. ಆದರೂ ಜಂಬ ಎಷ್ಟು ನೋಡಿ: ಅಂಗಡಿಯ ಗೋಡೆಗೆ ಒಂದು ದೊಡ್ಡ ಚೌಕಟ್ಟು ಮಾಡಿ, ಗಾಜು ಕೂರಿಸಿ, ಫೋಟೋ ಇಲ್ಲದೆಯೇ ನೇತುಹಾಕಿದ್ದ. ಯಾರದ್ದು ಎಂದು ಗಿರಾಕಿಗಳು ಕೇಳಿದರೆ, ಆಯ್ಕೆಯಾದ ಮೇಲೆ ಆ ಅಂಗಿ ತೊಟ್ಟು ತೆಗೆಸುವ ತನ್ನ ಫೋಟೋಗೆ ಎಂದು ಸ್ವಲ್ಪವೂ ನಾಚದೆ ಹೇಳುತ್ತಿದ್ದ.

ಈ ಸಲದ ಆಯ್ಕೆಯಲ್ಲಿ ಡಾಕ್ಟರು ಸೋತು ಹೋದರು, ಮೇಷ್ಟ್ರು ಹೋದರು, ಸಿಮೆಂಟಿನವನು ಮೊದಲ ದಿನವೇ ಹೋದ. ಕೊನೆಗೆ ಉಳಿದದ್ದು ಇಬ್ಬರು: ಗಾಜಿನವನು ಮತ್ತು ಅವನ ಹೆಂಡತಿಯ ತಮ್ಮ.

ಈ ಭಾಮೈದ ಲಿಫ್ಟ್ ರಿಪೇರಿ ಮಾಡುವವನು. ಗಾಜಿನವನ ಲೆಕ್ಕದಲ್ಲಿ ಹಾಲ್‌ನ ದಡ್ಡರಿಗೆಲ್ಲ ದೊರೆ. ಅವನ ಆಟದಲ್ಲಿ ಒಂದು ಚಮತ್ಕಾರವಿಲ್ಲ, ಮಾತಿಲ್ಲ, ಕತೆಯಿಲ್ಲ. ಹೊಡೆಯುವ ಚೆಂಡಿನ ಹಿಂದೆ ಹೋಗಿ ನಿಲ್ಲುವುದು, ಮೂಗು ಉಜ್ಜಿಕೊಳ್ಳುವುದು, ಎಡಗಾಲು ಇಡುವುದು, ಬಾಗುವುದು, ಕೋಲನ್ನು ಎರಡು ಸಲ ಹಿಂದೆ ಮುಂದೆ ಆಡಿಸುವುದು, ಒಂದು ಗಳಿಗೆ ನಿಲ್ಲಿಸುವುದು, ಹೊಡೆಯುವುದು. ಕಷ್ಟದ ಚೆಂಡಿಗೂ ಅದೇ, ಸುಲಭದ್ದಕ್ಕೂ ಅದೇ. ಬಿದ್ದರೂ ತಪ್ಪಿದರೂ ಹೋಗಿ ಕುರ್ಚಿಯಲ್ಲಿ ಕೂತಾಗ ಅದೇ ಮುಖ, ನಿಂತುಹೋದ ಲಿಫ್ಟಿನ ಬಾಗಿಲಿನಂಥ ಮುಖ. ಸೋಲಿಸಿದರೆ ಆ ಮುಖದಲ್ಲಿ ಏನೂ ಸಿಗದು. ಗಾಜಿನವನಿಗೆ ತಲೆ ಕೆಡುತ್ತಿದ್ದದ್ದೇ ಅದಕ್ಕೆ.

ಆಯ್ಕೆಯ ಕೊನೆಯ ದಿನ ಬೆಳಿಗ್ಗೆ ಅವನು ಭಾಮೈದನನ್ನು ಬೈಯುತ್ತಾ ಬೂಟು ಹುಡುಕುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು:

"ನನ್ ತಮ್ಮ ಸೋತ್ರೂ ಊಟ ಮಾಡ್ತಾನೆ, ಗೆದ್ರೂ ಊಟ ಮಾಡ್ತಾನೆ ಕಣ್ರೀ. ನೀವು ಗೆದ್ದ ದಿನಾನೂ ತಟ್ಟೆ ಮುಂದೆ ಕೂತು ಯಾರನ್ನಾದ್ರೂ ಬೈತಾ ಇರ್ತೀರಿ. ತುತ್ತು ಇಳಿಯೋದೇ ಇಲ್ಲ ನಿಮ್ಗೆ."

ತಮ್ಮನ ವಕಾಲತ್ತು ಮಾಡಬೇಡ ಎಂದು ಗದರಿಸಿ ಅವನು ಹೊರಟ.

ಐದು ಫ್ರೇಮ್‌ಗಳಲ್ಲಿ, ಅಂದರೆ ಐದು ಆಟಗಳಲ್ಲಿ, ಮೊದಲು ಮೂರು ಗೆದ್ದವನಿಗೆ ಅಂಗಿ. ಆಟ ಎಲ್ಲರಿಗೂ ಗೊತ್ತಿರುವುದೇ: ತನ್ನ ಪಾಲಿನ ಬಣ್ಣದ ಚೆಂಡುಗಳನ್ನೆಲ್ಲ ಪಾಕೆಟ್‌ಗೆ ಹಾಕಬೇಕು, ಆಮೇಲೆ ಕಪ್ಪು ಚೆಂಡು ಹಾಕಿದವನು ಗೆದ್ದ. ಕಪ್ಪಿನ ಜೊತೆ ಬಿಳಿಯೂ ಬಿದ್ದರೆ ಸೋತ.

ಮೊದಲ ಎರಡು ಫ್ರೇಮ್ ಭಾಮೈದ ಗೆದ್ದ. ಗೆದ್ದ ಅನ್ನುವುದೂ ತಪ್ಪು, ಗಾಜಿನವನು ಎತ್ತಿ ಕೊಟ್ಟ. ಒಂದೊಂದು ಹೊಡೆತಕ್ಕೂ ಕತ್ತು ಮೇಲೆ, ಕಣ್ಣು ಕುರ್ಚಿಯ ಕಡೆ. ಕುರ್ಚಿಯಲ್ಲಿ ಆ ಲಿಫ್ಟಿನ ಬಾಗಿಲು. ಕುರ್ಚಿಗುಂಟ ಕೂತ ಸೋತ ಪಡೆ ಮುಸಿಮುಸಿ ನಗಲು ಶುರುಮಾಡಿತು. ಡಾಕ್ಟರು ತಮ್ಮ ಪಕ್ಕದವನಿಗೆ ಉಸಿರಾಟದ ಮಹತ್ವ ವಿವರಿಸುತ್ತಿರುವುದು ಕಿವಿಗೆ ಬಿತ್ತು.

ಆಗ ಗಾಜಿನವನಿಗೆ ತನ್ನ ಅಂಗಡಿ ನೆನಪಾಯಿತು. ದೊಡ್ಡ ಕನ್ನಡಿ ಕತ್ತರಿಸುವಾಗ ಕಟರ್ ಇಟ್ಟರೆ ಈ ತುದಿಯಿಂದ ಆ ತುದಿಗೆ ಒಂದೇ ಗೀರು. ಮಧ್ಯದಲ್ಲಿ ನಿಲ್ಲುವ ಹಾಗಿಲ್ಲ, ಎರಡನೆಯ ಸಲ ಎಳೆಯುವ ಹಾಗಿಲ್ಲ. ಬಾಗಿಲಲ್ಲಿ ಯಾರು ಬಂದು ಕೂಗಿದರೂ ಅವನು ಅಲ್ಲಿ ತಲೆ ಎತ್ತಿದವನಲ್ಲ. ಎತ್ತಿದರೆ ಗಾಜು ಕೈಗೆ ಬುದ್ಧಿ ಕಲಿಸುತ್ತದೆ. ಇಲ್ಲಿ ರಕ್ತ ಬರುವುದಿಲ್ಲವಲ್ಲ, ಅದಕ್ಕೇ ಈ ಕತ್ತಿಗೆ ಇಷ್ಟು ಸೊಕ್ಕು ಎಂದುಕೊಂಡವನೇ ಅಂಗಿಯ ಕಾಲರ್ ಎಳೆದು ಹಲ್ಲಿನಲ್ಲಿ ಕಚ್ಚಿ ಹಿಡಿದ. ಗದ್ದ ಎದೆಗೆ ಅಂಟಿತು. ನೋಡುವವರಿಗೆ ಒಗೆದ ಬಟ್ಟೆ ಕದ್ದೊಯ್ಯುವ ನಾಯಿಯಂತೆ ಕಂಡ. ಸಿಮೆಂಟಿನವನು ಬಿದ್ದು ಬಿದ್ದು ನಕ್ಕ.

ನಗು ಹೆಚ್ಚು ಹೊತ್ತು ಬಾಳಲಿಲ್ಲ. ಚೆಂಡುಗಳು ಒಂದರ ಹಿಂದೆ ಒಂದು ಹೋಗತೊಡಗಿದವು. ಹೊಡೆದ ಮೇಲೂ ಅವನು ಬಾಗಿಯೇ ಇರುತ್ತಿದ್ದ, ಚೆಂಡು ಒಳಗುರುಳಿದ ಸದ್ದು ಕೇಳಿದ ಮೇಲೆಯೇ ಏಳುತ್ತಿದ್ದ. ಮುಖಗಳು ಕಾಣುತ್ತಿರಲಿಲ್ಲ, ಹಸಿರು ಬಟ್ಟೆ ಮಾತ್ರ. ಮೂರನೆಯದು ಅವನದಾಯಿತು, ನಾಲ್ಕನೆಯದೂ ಅವನದಾಯಿತು. ಕಂಡಕ್ಟರಣ್ಣ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತ.

ಐದನೆಯ ಫ್ರೇಮ್ ಎಳೆದಾಡಿ ಎಳೆದಾಡಿ ಕೊನೆಗೆ ಇಬ್ಬರಿಗೂ ಕಪ್ಪೊಂದೇ ಉಳಿಯಿತು. ಸರದಿ ಗಾಜಿನವನದು. ಕಪ್ಪು ಮೂಲೆಯ ಪಾಕೆಟ್‌ಗೆ ನೇರ, ಬಿಳಿ ಅದರಿಂದ ಒಂದು ಮೊಳ ದೂರ. ಕಣ್ಣು ಮಸುಕಾದವನಿಗೂ ಕಾಣುವ ಚೆಂಡು, ಮೇಷ್ಟ್ರ ಬೆವರುವ ಕೈಯಿಂದಲೂ ಬೀಳುವ ಚೆಂಡು. ಇದಕ್ಕೂ ಕಾಲರ್ ಕಚ್ಚಬೇಕೇ? ಅಷ್ಟು ಹೀನಾಯವೇ ನನ್ನ ಆಟ? ಅವನು ಬಟ್ಟೆಯನ್ನು ಬಾಯಿಂದ ಬಿಟ್ಟ. ಬಾಗಿದ. ಇಂದಾದರೂ ಆ ಬಾಗಿಲು ತೆರೆಯುತ್ತದೆ, ಆ ಮುಖ ಒಂದೇ ಒಂದು ಸಲ ಸೊಟ್ಟಗಾಗುತ್ತದೆ, ಅದನ್ನು ನೋಡದೆ ಬಿಟ್ಟರೆ ಗೆದ್ದೇನು ಸುಖ ಅನ್ನಿಸಿತು. ಕೋಲು ಮುಂದೆ ಹೋಯಿತು. ತಲೆ ಮೇಲೆ ಹೋಯಿತು.

ಭಾಮೈದ ಇವನನ್ನು ನೋಡುತ್ತಲೇ ಇರಲಿಲ್ಲ. ನೀರಿನ ಬಾಟಲಿಯ ಮುಚ್ಚಳ ಕೆಳಗೆ ಬಿದ್ದಿತ್ತು, ಕುರ್ಚಿಯಡಿ ಬಗ್ಗಿ ಅದನ್ನು ತಡಕುತ್ತಿದ್ದ. ಇವನಿಗೆ ಕಂಡದ್ದು ಅವನ ನಡುನೆತ್ತಿಯ ಬೋಳು.

ಕಪ್ಪು ಚೆಂಡು ಪಾಕೆಟ್‌ನ ಈ ತುಟಿಗೆ ಬಡಿದು, ಆ ತುಟಿಗೆ ಬಡಿದು, ಅಂಚಿನಲ್ಲೇ ನಿಂತಿತು. ಊದಿದರೆ ಬೀಳುವಂತೆ.

ಭಾಮೈದ ಮುಚ್ಚಳ ಹಾಕಿ, ಬಾಟಲಿ ಇಟ್ಟು, ಎದ್ದು ಬಂದ. ಚೆಂಡಿನ ಹಿಂದೆ ಹೋಗಿ ನಿಂತ. ಮೂಗು ಉಜ್ಜಿಕೊಂಡ. ಎಡಗಾಲು ಇಟ್ಟ. ಗಾಜಿನವನಿಗೆ ತಡೆಯಲಾಗಲಿಲ್ಲ.

"ಬಾಯಲ್ಲಿರೋ ಚೆಂಡಿಗೂ ಇಷ್ಟು ನಾಟಕ ಯಾಕೋ?"

ಹೀಗೆ ಕೆಣಕಿದ್ದಕ್ಕೆ ಕಾರಣವಿತ್ತು. ಇಂಥ ಚೆಂಡನ್ನು ಬೀಸಿ ಹೊಡೆದರೆ ಹಿಂದೆಯೇ ಬಿಳಿಯೂ ಉರುಳಿ ಬೀಳುತ್ತದೆ. ಅವಸರದವರೆಲ್ಲ ಮಾಡುವ ತಪ್ಪು ಅದು. ಹಾಗಾದರೆ ಅಂಗಿ ಇನ್ನೂ ತನ್ನದೇ. ಆದರೆ ಭಾಮೈದ ಬಾಗಿದಲ್ಲಿಂದಲೇ, ಬಿಳಿ ಚೆಂಡಿನಿಂದ ಕಣ್ಣು ತೆಗೆಯದೆ ಹೇಳಿದ:

"ಹತ್ತಿರದ ಚೆಂಡೇ ನಂಗೆ ಭಯ, ಭಾವ."

ಎರಡು ಸಲ ಆಡಿಸಿದ, ನಿಲ್ಲಿಸಿದ, ಹೊಡೆದ. ಕಪ್ಪು ಬಿತ್ತು. ಬಿಳಿ ಬಡಿದ ಜಾಗದಲ್ಲೇ ಮೊಳೆ ಹೊಡೆದಂತೆ ನಿಂತಿತು. ಕಂಡಕ್ಟರಣ್ಣ ಸೀಟಿ ಊದಿದ.

ಸೋತ ಪಡೆ ಗೆದ್ದವನನ್ನು ಮುತ್ತಿಕೊಂಡಿತು. ನಾನು ಹೇಳಿಕೊಟ್ಟ ಉಸಿರಾಟವೇ ಇದು ಎಂದರು ಡಾಕ್ಟರು. ಗಾಜಿನವನು ಕೋಲನ್ನು ಗೋಡೆಗೆ ಸಿಕ್ಕಿಸಿ ಮೆಟ್ಟಿಲಿನ ಕಡೆ ನಡೆದ. ಹಿಂದೆಯೇ ಭಾಮೈದ ಬಂದ, ಕೈಯಲ್ಲಿ ಮಡಚಿದ ಅಂಗಿ.

"ಪಂದ್ಯದ ತನಕ ದಿನಾ ನನ್ ಜೊತೆ ಆಡ್ತೀರಾ ಭಾವ? ಮೂರನೇದು, ನಾಲ್ಕನೇದು ಆಡಿದ್ರಲ್ಲ, ಹಾಗೆ. ಆ ಥರ ಆಡೋರು ನಮ್ಮಲ್ಲಿ ಯಾರೂ ಇಲ್ಲ."

ಇವನು ಅಪಹಾಸ್ಯ ಮಾಡುತ್ತಿದ್ದಾನೆಯೇ ಎಂದು ಗಾಜಿನವನು ಆ ಮುಖವನ್ನು ಕಣ್ಣು ಕಿರಿದಾಗಿಸಿ ಹುಡುಕಿದ. ಅಲ್ಲಿ ಎಂದಿನಂತೆ ಏನೂ ಇರಲಿಲ್ಲ. ಬೈಯಲು ಬಾಯಿ ತೆರೆದವನು ಬೇರೇನೋ ಹೇಳಿದ.

"ಬರ್ತೀನಿ. ಆದ್ರೆ ನಾನು ಹೊಡೆಯುವಾಗ ನೀನು ಗೋಡೆ ಕಡೆ ತಿರುಗಿ ಕೂತ್ಕೋಬೇಕು."

ಮಾರನೆಯ ಸಂಜೆ ಭಾಮೈದ ಕುರ್ಚಿ ತಿರುಗಿಸಿ, ಗೋಡೆ ನೋಡುತ್ತಾ, ಮಂಡಿಯ ಮೇಲೆ ಕೈಯಿಟ್ಟು ಕೂತ. ಗಾಜಿನವನು ಬಾಗಿ ಗುರಿ ಹಿಡಿದ. ಕೋಲು ಹೊರಡುವ ಗಳಿಗೆಗೆ ಸರಿಯಾಗಿ ಕತ್ತು ತಾನಾಗಿಯೇ ಮೇಲೆದ್ದಿತು. ಚೆಂಡು ಎಲ್ಲಿಗೋ ಹೋಯಿತು.

"ಏನಾಯ್ತು ಭಾವ?" ಎಂದ ಭಾಮೈದ, ಗೋಡೆಗೇ ಹೇಳಿದಂತೆ.

"ಇಸ್ತ್ರಿ ಮಾಡೋಕೂ ಬರಲ್ವೇನೋ ನಿಂಗೆ? ಅಂಗಿಯ ಬೆನ್ನ ತುಂಬ ಸುಕ್ಕು," ಎಂದ ಗಾಜಿನವನು, ಮತ್ತೆ ಕಾಲರ್‌ಗೆ ಬಾಯಿ ಹಾಕುತ್ತಾ.