ಗಲ್ಲಿಯಿಂದ ಬಂದ ಬಿಸಿಲು

ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಗೆ ನಾನು ಕನ್ನಡ ಕಲಿಸಲು ಸೇರಿದಾಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅದು ನಿಜಾಮರ ಕಾಲ. ಉಳಿದ ಪಾಠಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. ಕನ್ನಡಕ್ಕೆ ದಿನಕ್ಕೊಂದೇ ತಾಸು, ಅದೂ ಊಟವಾಗಿ ಮಕ್ಕಳು ತೂಕಡಿಸುವ ಹೊತ್ತಿನಲ್ಲಿ. ಅವರನ್ನು ಎಚ್ಚರವಾಗಿಡಲು ಕಥೆ ಹೇಳತೊಡಗಿದೆ. ನಾನು ಹೇಳಿದ ಕಥೆಯನ್ನು ಅವರು ಎದ್ದುನಿಂತು ಆಡಿ ತೋರಿಸತೊಡಗಿದರು.

ಒಂದು ದಿನ ನಮ್ಮ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಅವರು ಹೈದರಾಬಾದಿನವರು, ನಾವೆಲ್ಲ ಅವರನ್ನು ಆಪಾ ಎನ್ನುತ್ತಿದ್ದೆವು.

"ಮುಂದಿನ ತಿಂಗಳ ತಪಾಸಣೆಗೆ ಇನ್‌ಸ್ಪೆಕ್ಟರ್ ಬೇಗಂ ಸಾಹೇಬ್ ಬರ್ತಾರ. ಆವತ್ತು ಇದನ್ನ ಆಡಸ್ರಿ. ಹುಡುಗ್ಯಾರ ತಾಯಂದಿರನ್ನೂ ಕರೀರಿ. ಆದ್ರ ಪರದಾ ಪೂರಾ ಇರಬೇಕು ನೋಡ್ರಿ" ಎಂದರು.

ಹಿಂದೂ ಮನೆಯವರಾಗಲಿ, ಮುಸ್ಲಿಂ ಮನೆಯವರಾಗಲಿ, ಆ ತಾಯಂದಿರು ಕತ್ತಲಾದ ಮೇಲೆ ಹೊರಗೆ ಬರುವಂತಿರಲಿಲ್ಲ. ಆದ್ದರಿಂದ ನಾಟಕ ಹಗಲಿನಲ್ಲೇ ಆಗಬೇಕು. ಗಂಡಸರ ಕಣ್ಣು ಬೀಳದಂತೆ ಶಾಲೆಯ ದೊಡ್ಡ ಕೋಣೆಯ ಕಿಟಕಿಗಳಿಗೆಲ್ಲ ಕೌದಿ ಕಟ್ಟಬೇಕು. ಕೌದಿ ಕಟ್ಟಿ ನೋಡಿದರೆ ಒಳಗೆ ಎದುರಿಗಿದ್ದವರ ಮೂಗೂ ಕಾಣಲಿಲ್ಲ.

ನಾಟಕ ಚಿಕ್ಕದು. ತನ್ನ ಬಾವಿಯ ನೀರನ್ನು ಯಾರಿಗೂ ಕೊಡದ ರಾಣಿಯೊಬ್ಬಳು ರಾಜ್ಯ ಕಳೆದುಕೊಂಡು, ಭಿಕ್ಷುಕಿಯಾಗಿ ಅದೇ ಬಾವಿಗೆ ಬಂದು ಬೊಗಸೆಯೊಡ್ಡುತ್ತಾಳೆ. ರಾಣಿಯಾದವಳು ಎಲ್ಲರೆದುರಿಗೇ ಕ್ಷಣದಲ್ಲಿ ಭಿಕ್ಷುಕಿಯಾಗಬೇಕು. ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬರುವಷ್ಟರಲ್ಲಿ ನೋಡುವವರು ಮನೆ ಮಾತಿಗಿಳಿಯುತ್ತಾರೆ.

ಶಾಲೆಯ ಹಿಂದಿನ ಗಲ್ಲಿಯಲ್ಲಿ ಪೊಲೀಸರ ಅಂಗಿ ಹೊಲಿಯುವ ದರ್ಜಿಯೊಬ್ಬರಿದ್ದರು. ಅಂಗಡಿಯಲ್ಲಿ ಗಂಡ ಕತ್ತರಿಸಿದ್ದನ್ನು ಹೆಂಡತಿ ಮನೆಯೊಳಗೆ ಕೂತು ಹೊಲಿಯುತ್ತಿದ್ದರು. ನಲವತ್ತರ ಹೆಂಗಸು, ಮಕ್ಕಳಿರಲಿಲ್ಲ. ಶಾಲೆಯ ಹುಡುಗಿಯರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ನನ್ನ ಪೇಚಾಟವನ್ನು ಅವರ ಮುಂದೆ ಹೇಳಿಕೊಂಡೆ.

ಬಾಯಲ್ಲಿದ್ದ ದಾರವನ್ನು ಕಡಿದು ಖಾಲಾ ಅಂದರು: "ಬದಲ್ಯಾಕ ಮಾಡಬೇಕ್ರಿ ಅಕ್ಕೋರ? ತಿರುವಿ ಹಾಕ್ಕೊಂಡ್ರಾತು."

ಎರಡು ಮಗ್ಗುಲಿನ ಒಂದೇ ಅಂಗಿ ಹೊಲಿಯುವುದೆಂದಾಯಿತು. ಮೇಲುಮಗ್ಗುಲಿಗೆ ಮಸ್ಕಿಯಲ್ಲಿದ್ದ ನನ್ನ ಅತ್ತಿಗೆಯ ಇಳಕಲ್ ಸೀರೆ ಬಂತು. ಅದರ ಒಡಲು ಸವೆದು ಜಾಳಾಗಿದ್ದರೂ ಸೆರಗು, ಅಂಚು ಗಟ್ಟಿಯಿದ್ದವು. ಒಳಮಗ್ಗುಲಿಗೆ ಗೋಣಿಚೀಲ, ಅದನ್ನು ಖಾಲಾ ಮೂರು ದಿನ ನೀರಲ್ಲಿ ನೆನೆಹಾಕಿ, ಬಡಿದು ಮೆತ್ತಗೆ ಮಾಡಿ, ಖಾಕಿ ಬಟ್ಟೆಯ ಚೂರುಗಳಿಂದ ತೇಪೆ ಹಾಕಿದರು. ಎರಡನ್ನೂ ಸೇರಿಸಿ ಉದ್ದನೆಯ ನಿಲುವಂಗಿ ಮಾಡಿದರು. ಕಿರೀಟಕ್ಕೆ ಚಹಾ ಪೆಟ್ಟಿಗೆಯೊಳಗಿನ ಬೆಳ್ಳಿ ಕಾಗದ, ಕೊರಳಸರಕ್ಕೆ ಸೀತಾಫಲದ ಬೀಜ.

ಉಳಿದದ್ದು ಬೆಳಕು. ಸಿಂಧನೂರಿನ ನನ್ನ ತವರುಮನೆಯಲ್ಲಿ ಆಳೆತ್ತರದ ಕನ್ನಡಿಯೊಂದಿತ್ತು. ಅದನ್ನು ಹುಲ್ಲಿನಲ್ಲಿ ಸುತ್ತಿ ಎತ್ತಿನ ಬಂಡಿಯಲ್ಲಿ ತಂದೆ. ದಾರಿಯುದ್ದಕ್ಕೂ ಹಳ್ಳ ದಿಣ್ಣೆ ಬಂದಾಗಲೆಲ್ಲ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಅಂಗಳದ ಬಿಸಿಲಿನಲ್ಲಿ ಇಬ್ಬರು ಹುಡುಗಿಯರು ಆ ಕನ್ನಡಿ ಹಿಡಿದರೆ, ಬೆಳಕು ಗೋಡೆಯ ಮೇಲ್ಗಡೆಯ ಬೆಳಕಿಂಡಿಯಿಂದ ಒಳಬರುತ್ತಿತ್ತು. ಒಳಗೆ ತೊಲೆಗೆ ಪರಾತವೆಂಬ ಹಿತ್ತಾಳೆಯ ದೊಡ್ಡ ತಟ್ಟೆಯೊಂದನ್ನು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಓರೆಯಾಗಿ ಕಟ್ಟಿದ್ದೆವು. ಬೆಳಕು ಅದಕ್ಕೆ ತಾಗಿ ಕೆಳಗೆ ನಿಂತವರ ಮೇಲೆ ಹೊಂಬಣ್ಣವಾಗಿ ಬೀಳುತ್ತಿತ್ತು. ಮೊದಲ ಸಲ ಅದು ಬಿದ್ದಾಗ ಹುಡುಗಿಯರು ಕೂಗಾಡಿದ್ದು ಕೇಳಿ ಆಪಾ ಓಡಿ ಬಂದಿದ್ದರು.

ತಪಾಸಣೆಯ ದಿನ ಬೆಳಗಿನ ಹತ್ತಕ್ಕೇ ತಾಯಂದಿರು ಬಂದು ಕೂತರು. ಬೇಗಂ ಸಾಹೇಬರ ಮೋಟಾರು ಬಂದಾಗ ಮೂರು ಹೊಡೆದಿತ್ತು. ಕನ್ನಡಿ ಎತ್ತಿಕೊಂಡು ಅಂಗಳಕ್ಕೆ ಹೋದ ಹುಡುಗಿಯರು ಹಾಗೇ ತಿರುಗಿ ಬಂದರು.

"ಅಕ್ಕೋರ, ಅಂಗಳದಾಗ ಬಿಸಿಲ ಇಲ್ರೀ!"

ತಾಲೀಮನ್ನೆಲ್ಲ ನಾವು ತರಗತಿ ಶುರುವಾಗುವ ಮುಂಚೆ, ಬೆಳಗಿನ ಹೊತ್ತೇ ಮಾಡಿದ್ದೆವು. ಮಧ್ಯಾಹ್ನವಾದ ಮೇಲೆ ಶಾಲೆಯ ನೆರಳೇ ಅಂಗಳವನ್ನು ಮುಚ್ಚುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಬಿಸಿಲು ಈಗ ಪಡುವಣ ಗೋಡೆಯಾಚೆ, ಹಿಂದಿನ ಗಲ್ಲಿಯಲ್ಲಿತ್ತು. ಆ ಗೋಡೆಗೂ ಬೆಳಕಿಂಡಿಯೇನೋ ಇತ್ತು. ಆದರೆ ಗಂಡಸರು ಓಡಾಡುವ ಗಲ್ಲಿಯಲ್ಲಿ ನಿಲ್ಲುವವರು ಯಾರು?

"ನಾ ನಿಲ್ತೀನಿ" ಎಂದರು, ರಾಣಿಯ ಅಂಗಿಯ ಗುಂಡಿ ಹಾಕುತ್ತಿದ್ದ ಖಾಲಾ.

"ನೀವಾ? ನಿಮ್ಮ ಮನಿಯವ್ರು ಏನಂತಾರೋ?"

"ಅನ್ಲಿ ಬಿಡ್ರಿ. ನಾ ಬುರ್ಖಾದಾಗಿರ್ತೀನಿ, ಕನ್ನಡಿ ಬಯಲಾಗಿರ್ತೈತಿ. ಪರಾತ ಈ ಕಡಿ ತಿರುಗಸ್ರಿ ಲಗೂನ!"

ನಾನು ಮೇಜು ಹತ್ತಿ ಪರಾತವನ್ನು ತಿರುಗಿಸುವಷ್ಟರಲ್ಲಿ ಬೆಳಕಿಂಡಿಯಿಂದ ಬೆಳಕಿನ ಕೋಲು ಒಳಬಂತು. ತೊಲೆಯ ಮೇಲೆ ಅತ್ತಿತ್ತ ಓಡಾಡಿ, ಪರಾತವನ್ನು ಹುಡುಕಿಕೊಂಡು, ಅಲ್ಲಿ ನಿಂತಿತು. ಅದರ ಕೆಳಗೆ ರಾಣಿ ನಿಂತಳು. ಇಳಕಲ್ ಅಂಚು ಧಗಧಗ ಹೊಳೆಯಿತು.

ಗಲ್ಲಿಯಲ್ಲಿ ಆದದ್ದು ನನಗೆ ಆಮೇಲೆ ಗೊತ್ತಾಯಿತು. ಬುರ್ಖಾ ತೊಟ್ಟ ಹೆಂಗಸು ನಡುಗಲ್ಲಿಯಲ್ಲಿ ಕನ್ನಡಿ ಹಿಡಿದು ನಿಂತದ್ದನ್ನು ನೋಡಿ ಜನ ಸೇರಿದ್ದರಂತೆ. ಅಂಗಡಿಯಿಂದ ಎದ್ದು ಬಂದ ದರ್ಜಿಗೆ, ಜನರನ್ನು ಸರಿಯಿರೆನ್ನುತ್ತಿದ್ದ ಬುರ್ಖಾದೊಳಗಿನ ದನಿಯ ಗುರುತು ಸಿಕ್ಕಿತಂತೆ. ಅವರು ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಗಲ್ಲಿಗೆ ಅಡ್ಡ ಹಿಡಿದು, "ಆ ಕಡಿಂದ ಹೋಗ್ರಪಾ, ಇಲ್ಲಿ ನೆರಳ ಬೀಳತೈತಿ" ಎಂದು ನಾಟಕ ಮುಗಿಯುವ ತನಕ ಜನರನ್ನು ತಡೆದರಂತೆ.

ಒಳಗೆ ರಾಣಿ ಕಿರೀಟ, ಸರ ತೆಗೆದಿಟ್ಟು, ನಿಲುವಂಗಿಯನ್ನು ಕಳಚಿ, ಒದರಿ, ತಿರುವಿ ತೊಟ್ಟಳು. ಹೊಳೆಯುತ್ತಿದ್ದ ಮೈ ಕಣ್ಣೆದುರೇ ಗೋಣಿಯಾಯಿತು. ತಾಯಂದಿರು "ಅಯ್ಯ ನಮ್ಮವ್ವ!" ಎಂದರು. ಅವಳು ಬೊಗಸೆಯೊಡ್ಡಿದಾಗ ಮುಖದ ಮೇಲಿನ ಬೆಳಕು ನಡುಗತೊಡಗಿತು. ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ಬೇಗಂ ಸಾಹೇಬರು ನನ್ನನ್ನು ಕರೆದು, ಕೊನೆಗೆ ಬೆಳಕು ಹಾಗೆ ನಡುಗುವಂತೆ ಮಾಡಿದ್ದು ಹೇಗೆ ಎಂದು ಉರ್ದುವಿನಲ್ಲಿ ಕೇಳಿದರು. ನಾನು ನಿಜವನ್ನೇ ಹೇಳಿದೆ: ಹೊರಗೆ ಒಬ್ಬರ ಕೈ ಸೋತಿದೆ. ಅವರನ್ನು ಕರೆಯಿರಿ ಎಂದರು ಬೇಗಂ ಸಾಹೇಬರು.

ಖಾಲಾ ಒಳಬಂದು ಮುಸುಕು ಎತ್ತಿದಾಗ ಮುಖವೆಲ್ಲ ಬೆವರು. ಬೇಗಂ ಸಾಹೇಬರಿಗೆ ಸಲಾಂ ಮಾಡಿದವರೇ ನನ್ನ ಕಡೆ ತಿರುಗಿ, "ತಿರುವುವಾಗ ತೋಳು ಎಲ್ಲೂ ಸಿಗಬೀಳಲಿಲ್ಲಲ್ರಿ?" ಎಂದು ಕೇಳಿದರು. ತಾವು ಹೊಲಿದ ಅಂಗಿಯನ್ನು ತಿರುವಿದ್ದನ್ನು ಅವರೊಬ್ಬರೇ ನೋಡಿರಲಿಲ್ಲ.

ಬೇಗಂ ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತು, ಖಾಲಾ ಅವರನ್ನೂ ಪಕ್ಕದಲ್ಲಿ ಕೂಡಿಸಿಕೊಂಡು, ಕೊನೆಯ ಭಾಗವನ್ನು ಇನ್ನೊಮ್ಮೆ ಆಡಲು ಹೇಳಿದರು. ಅಂಗಳದ ಬಾಗಿಲು ತೆರೆದೆವು, ಇದ್ದಷ್ಟೇ ಬೆಳಕಿನಲ್ಲಿ ಹುಡುಗಿಯರು ಆಡಿದರು. ನಾನು ನಾಟಕ ನೋಡಲಿಲ್ಲ, ಖಾಲಾ ಅವರ ಮುಖವನ್ನೇ ನೋಡುತ್ತಿದ್ದೆ. ಅಂಗಿ ತಿರುವಿದ ಗಳಿಗೆಯಲ್ಲಿ ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಆ ವರ್ಷದ ಕೊನೆಯೊಳಗೆ ಖಾಲಾ ಅವರನ್ನು ಆಪಾ ವಾರಕ್ಕೆರಡು ದಿನ ಹೊಲಿಗೆ ಕಲಿಸಲು ಶಾಲೆಗೆ ನೇಮಿಸಿಕೊಂಡರು. ಮಕ್ಕಳ ಜೊತೆ ನಾನೂ ಹಿಂದಿನ ಸಾಲಿನಲ್ಲಿ ಕೂತು ಕಲಿತೆ. ಗುಂಡಿಗೆ ಕಾಜಾ ಹಾಕುವುದು ಮಾತ್ರ ನನಗೆ ಇವತ್ತಿಗೂ ನೆಟ್ಟಗೆ ಬರುವುದಿಲ್ಲ.