ಕಡೆಯೋ ಮಿಷನ್ನು

ಸೀರೆ ಅಂಗಡಿಯಲ್ಲಿ ನಾನು ಬಹಳ ಹೊತ್ತು ನಿಲ್ಲುವವಳಲ್ಲ. ಮೊದಲು ಬಿಚ್ಚಿದ ಎರಡರಲ್ಲಿ ಒಂದನ್ನು ಕಟ್ಟಿಸಿಕೊಂಡು ಹೊರಟುಬಿಡುತ್ತೇನೆ. ನಮ್ಮ ಮನೆಯವರು ಇದನ್ನು ನೆಂಟರ ಮುಂದೆಲ್ಲ ಹೊಗಳಿಕೊಂಡು ಬಂದಿದ್ದರು. ಪಾಪ, ಅರವತ್ತು ದಾಟಿದ ಮೇಲೆ ಹೆಂಡತಿ ಒಂದು ಲೇತ್ ಆರಿಸಲು ಇಡೀ ಬೇಸಿಗೆ ತೆಗೆದುಕೊಳ್ಳುತ್ತಾಳೆಂದು ಅವರಿಗೇನು ಗೊತ್ತಿತ್ತು!

ಲೇತ್ ಅಂದರೆ ಗೊತ್ತಲ್ಲ, ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ಗಿರಗಿರನೆ ತಿರುಗಿಸುವ ಯಂತ್ರ. ಪಕ್ಕದಿಂದ ಉಳಿ ಕೊಟ್ಟರೆ ತುಂಡು ಸಿಪ್ಪೆ ಸುಲಿಸಿಕೊಂಡು ದುಂಡಗಾಗುತ್ತದೆ. ನಾನು ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವಳು. ಇಷ್ಟು ಉದ್ದ, ಇಷ್ಟು ದಪ್ಪ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಕೂಡದು ಎಂದು ಬರೆದು ಕೆಳಗಿನ ಮಹಡಿಗೆ ಕಳಿಸುತ್ತಿದ್ದೆ. ಅಲ್ಲಿ ಗಂಡಸರು ಅದನ್ನು ಲೇತಿನಲ್ಲಿ ಮಾಡುತ್ತಿದ್ದರು. ಮಾಡಿದ್ದು ಪೆಟ್ಟಿಗೆ ಸೇರಿ ಎಲ್ಲಿಗೋ ಹೋಗುತ್ತಿತ್ತು. ಹೆಂಗಸರು ಮಿಷನ್ ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲ. ಮುಟ್ಟಿ ಎಂದೂ ಯಾರೂ ಹೇಳಲಿಲ್ಲ. ರಿಟೈರಾದ ದಿನ ಹಾರ ಹಾಕಿಸಿಕೊಂಡು ಮನೆಗೆ ಬರುವಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಒಂದೇ ಒಂದು ತುಂಡನ್ನಾದರೂ ಕೈಯಾರೆ ಮಾಡದೆ ಸಾಯಬಾರದು ಅನ್ನಿಸಿತು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ರಿಟೈರಾದ ಹೆಂಗಸರು ಭಜನೆಗೆ ಸೇರುತ್ತಾರೆ, ಇಲ್ಲವೇ ಯೋಗಕ್ಕೆ. ಲೇತ್ ಅಂದರೆ 'ಯಾಕ್ರೀ, ಮನೇಲಿ ಎಲ್ಲಾ ಚೆನ್ನಾಗಿದಾರೆ ತಾನೇ?' ಅನ್ನುತ್ತಾರೆ. ಮಿಷನ್ ಅಂಗಡಿಗೆ ಹೋದರೆ ಸೇಲ್ಸ್‌ಮನ್ನಿನ ಮೊದಲ ಪ್ರಶ್ನೆ, 'ಸಾರ್ ಬರ್ಲಿಲ್ವಾ ಮೇಡಂ?' ಸಾರ್ ಹೊರಗೆ ಸ್ಕೂಟರ್ ಹತ್ತಿರ ನಿಂತಿದ್ದರು. ಅವರನ್ನು ಕರೆಸಿ, ಕೂರಿಸಿ, ನನ್ನನ್ನು ಬಿಟ್ಟು ಅವರಿಗೇ ಎಲ್ಲ ವಿವರಿಸಿದ. ಬಲ್ಬು ಬದಲಾಯಿಸಲೂ ನನ್ನನ್ನೇ ಕೂಗುವ ಮನುಷ್ಯ ಗಂಭೀರವಾಗಿ ಹೌದೌದು ಎಂದು ತಲೆಯಾಡಿಸಿ, ಕೊನೆಗೆ 'ಲೈಟು ಚೆನ್ನಾಗಿದೆ ಕಣೇ' ಎಂದರು. ಪುಟ್ಟ ಹೊಸ ಲೇತ್ ಅದು. ಲೈಟಿತ್ತು, ಹಸಿರು ಅಂಕಿ ಮಿನುಗುವ ಪರದೆಯಿತ್ತು. ಚಾಲೂ ಮಾಡಿದರೆ ಮೇಜೇ ಗಡಗಡ ನಡುಗಿತು.

ಅದಿರಲಿ, ಯಾವುದನ್ನು ಕೊಂಡರೂ ಇಡುವುದು ಹಿತ್ತಲ ಕೋಣೆಯಲ್ಲಿ, ಮತ್ತು ಹಿತ್ತಲ ಕೋಣೆ ನಮ್ಮತ್ತೆಯ ಸಾಮ್ರಾಜ್ಯ. ಒರಳುಕಲ್ಲು, ಕೊಳಗ, ಜಾಡಿಗಳ ನಡುವೆ ಜಾಗ ಸಿಗಬೇಕಾದರೆ ಎಂಬತ್ತೈದು ದಾಟಿದ ಆ ತಾಯಿ ಹೂಂ ಅನ್ನಬೇಕು. ಇಂಗ್ಲಿಷ್ ಹೆಸರು ಹೇಳಿ ಹೆದರಿಸುವುದು ಬೇಡವೆಂದು ಅಚ್ಚಗನ್ನಡದಲ್ಲೇ ಶುರುಮಾಡಿದೆ: 'ಅತ್ತೆ, ಹಿತ್ತಲ ಕೋಣೇಲಿ ಒಂದು ಕಡೆಯೋ ಮಿಷನ್ ಇಡೋಣ ಅಂತಿದೀನಿ.'

ಅತ್ತೆಯ ಮುಖ ಅರಳಿತು. 'ತಗೋಳೇ ಮಹರಾಯ್ತಿ, ಅದಕ್ಕೇನು ಕೇಳೋದು! ಆದ್ರೆ ನೋಡು, ಹಗುರದ್ದು ತಗೊಂಡ್ಬುಟ್ಟೀಯ. ಭಾರ ಇರ್ಬೇಕು, ಕೂತಲ್ಲಿಂದ ಅಲ್ಲಾಡಬಾರದು. ಜೋರಾಗಿ ತಿರುಗುತ್ತೆ ಅಂತ ಮರುಳಾಗ್ಬೇಡ, ಆತುರಪಟ್ರೆ ಎಲ್ಲಾ ಕೆಡುತ್ತೆ.'

ನಾನು ಬೆರಗಾಗಿಬಿಟ್ಟೆ. ಲೇತಿನ ಬಗ್ಗೆ ಇಷ್ಟು ಸರಿಯಾದ ಮಾತನ್ನು ಸೇಲ್ಸ್‌ಮನ್ ಒಂದು ಗಂಟೆಯಲ್ಲೂ ಆಡಿರಲಿಲ್ಲ. ಅಷ್ಟರಲ್ಲಿ ಅತ್ತೆ ಮುಂದುವರಿಸಿದರು: 'ತೊಳೆಯೋಕೆ ಸುಲಭವಾಗಿರ್ಬೇಕು ಕಣಮ್ಮ. ಬೆಣ್ಣೆ ಸಂದೀಲಿ ಸೇರ್ಕೊಂಡ್ರೆ ಮುಗ್ಗಲು ವಾಸನೆ.'

ತಪ್ಪು ಅವರದಲ್ಲ, ಕನ್ನಡದ್ದು. ಒಂದೇ ಕ್ರಿಯಾಪದಕ್ಕೆ ನಾವು ಎಷ್ಟು ದುಡಿಮೆ ಹೊರಿಸಿದ್ದೇವೆ ನೋಡಿ. ಅಜ್ಜಿ ಮೊಸರು ಕಡೆಯುತ್ತಾಳೆ, ಶಿಲ್ಪಿ ವಿಗ್ರಹ ಕಡೆಯುತ್ತಾನೆ, ದೇವತೆಗಳೂ ರಾಕ್ಷಸರೂ ಸೇರಿ ಸಮುದ್ರವನ್ನೇ ಕಡೆದರು. ಸೋಮನಾಥಪುರದ ಗುಡಿಯ ಕಂಬಗಳ ಬಳೆಬಳೆಯಾದ ದುಂಡು ನೋಡಿದವರು, ಅವನ್ನು ಆಗಲೇ ತಿರುಗಿಸಿ ಕಡೆದಿರಬೇಕು ಅನ್ನುತ್ತಾರೆ. ಬೆಣ್ಣೆಗೂ ಕಲ್ಲಿಗೂ ಒಂದೇ ಮಾತು ಸಾಕಾದ ಮೇಲೆ ಅತ್ತೆ ಬೆಣ್ಣೆಯನ್ನೇ ಆರಿಸಿಕೊಂಡರೆ ತಪ್ಪೇನು? ಹೂಂ ಅಂದ ಬಾಯಿಂದ ಊಹೂಂ ಹೊರಡಿಸುವ ಧೈರ್ಯ ನನಗೆ ಬರಲಿಲ್ಲ.

ಅವರ ಬುದ್ಧಿಮಾತನ್ನಂತೂ ಅಕ್ಷರಶಃ ಪಾಲಿಸಿದೆ. ಊರಾಚೆ ಕಡಕೊಳದ ವರ್ಕ್‌ಶಾಪಿನವರೊಬ್ಬರು ಕಂಪ್ಯೂಟರ್ ಲೇತ್ ತರಿಸಿ ಹಳೆಯದನ್ನು ಮಾರುತ್ತಿದ್ದರು. ಬಣ್ಣ ಹೋಗಿತ್ತು, ಲೈಟಿರಲಿಲ್ಲ, ಆನೆಯಷ್ಟು ಭಾರ. ಚಾಲೂ ಮಾಡಿಸಿ, ಅವರು ತರಿಸಿಕೊಟ್ಟ ಟೀ ಲೋಟವನ್ನು ಅದರ ಮೇಲೇ ಇಟ್ಟು ನೋಡಿದೆ. ಟೀ ತುಳುಕಲಿಲ್ಲ. 'ಅಂಗೇ ನೋಡ್ತಾ ನಿಂತ್ರೆ ಎಂಗಕ್ಕಾ? ತಗೊಂಡ್ಬುಡಿ' ಎಂದರು ಮಾಲೀಕರು. ತಗೊಂಡುಬಿಟ್ಟೆ.

ಲೇತ್ ಮನೆಗೆ ಬಂದ ದಿನ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆಳುಗಳು ಉಸ್ಸಪ್ಪಾ ಎಂದು ಇಳಿಸಿ ಹೋದ ಮೇಲೆ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. 'ಮೊಸರು ಎಲ್ಲಿಗೇ ಹುಯ್ಯೋದು?'

ನಮ್ಮ ಮನೆಯವರು ತಕ್ಷಣ ಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟರು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಮೊಸರಲ್ಲ, ಕಬ್ಬಿಣ. ಯಾರಿಗಾಗಿಯೂ ಅಲ್ಲ, ನನಗೆ. ಇಷ್ಟು ವರ್ಷ ಬರೆದದ್ದನ್ನು ಒಮ್ಮೆ ಮಾಡಿ ನೋಡಬೇಕು. ಅತ್ತೆ ಕರಗಲಿಲ್ಲ. 'ಏನ್ ಬರುತ್ತೋ ಮಾಡಿ ತೋರ್ಸು. ಏನೂ ಬರ್ದಿದ್ರೆ ಬಂದ ದಾರೀಲೇ ಹೋಗ್ಬೇಕು ಇದು.'

ಮಾರನೆಯ ಬೆಳಿಗ್ಗೆ ಕಬ್ಬಿಣದ ತುಂಡನ್ನು ಕಚ್ಚಿಸಿ, ನಿಧಾನವಾಗಿ ತಿರುಗಿಸಿ, ಉಳಿ ಕೊಟ್ಟೆ. ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದಿತು. ನಿಲ್ಲಿಸಿ, ಹಳೇ ಟವೆಲ್ಲಿನಲ್ಲಿ ಹಿಡಿದು ತುಂಡನ್ನು ಬಿಡಿಸಿ ನೋಡಿದರೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ನಮ್ಮ ವಿಭಾಗದಲ್ಲಾಗಿದ್ದರೆ ನೇರ ಗುಜರಿಗೆ. ಮುಖ ಸಣ್ಣದು ಮಾಡಿಕೊಂಡು ನಿಂತೆ.

ಅತ್ತೆ ಕೈ ಚಾಚಿದರು. ಟವೆಲ್ಲಿನಲ್ಲೇ ಹಿಡಿದು ಕೊಟ್ಟೆ. ಅವರು ಎರಡೂ ಅಂಗೈಗಳ ನಡುವೆ ಅದನ್ನು ಮುಚ್ಚಿಕೊಂಡರು. 'ಬೆಚ್ಚಗಿದೆಯಲ್ಲೇ!'

ಮೂವತ್ತು ವರ್ಷ. ಉದ್ದ ಗೊತ್ತಿತ್ತು, ದಪ್ಪ ಗೊತ್ತಿತ್ತು. ಆಗಷ್ಟೇ ಕಡೆದ ಕಬ್ಬಿಣ ಅಂಗೈಯಲ್ಲಿ ಹೇಗಿರುತ್ತದೆಂದು ಗೊತ್ತಿರಲಿಲ್ಲ.

'ಕೊಡಿ ಅತ್ತೆ, ನಾನೂ ನೋಡ್ತೀನಿ' ಎಂದೆ.

'ತಾಳೇ' ಎಂದರು. ಕೊಡಲಿಲ್ಲ.